ಕೊಳಗವೂ ಮತವೂ: ಸಾಗರ ಸೀಮೆಯ ಚುನಾವಣಾ ಚರಿತ್ರೆ

ಸಾಗರ ಸೀಮೆಯ ಚುನಾವಣೆಗಳ ಚರಿತ್ರೆಯನ್ನರಿಯಲೆಳಸುವವರು ಗೇಣಿಯ ಬತ್ತವನ್ನಳೆಯುವ ಕೊಳಗದಿಂದಲೇ ತೊಡಗಬೇಕು. ಆ ಕೊಳಗದ ಪ್ರಮಾಣವನ್ನು ಕುರಿತ ವಿವಾದವು 1951ರಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹವಾಗಿ ಬೆಳೆಯಿತು. ಎಚ್. ಗಣಪತಿಯಪ್ಪನವರು ಅದನ್ನು ಸಂಘಟಿಸಿದರು. ರಾಮಮನೋಹರ ಲೋಹಿಯಾ ಅವರು ಅದರಲ್ಲಿ ಪಾಲ್ಗೊಂಡು ಬಂಧಿತರಾದರು. 1952ರಲ್ಲಿ, ವಯಸ್ಕ ಮತದಾನದ ಮೊದಲ ಚುನಾವಣೆಯಲ್ಲಿಯೇ, ಸಾಗರ-ಹೊಸನಗರ ಕ್ಷೇತ್ರವು ಕಾಂಗ್ರೆಸ್ಸಿನ ಬದರಿನಾರಾಯಣರನ್ನು ಬಿಟ್ಟು ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು ಆರಿಸಿತು.

ಆದರೆ ಈ ಒಲವು ಅಚಲವಾದುದೆಂದು ಭಾವಿಸಲಾಗದು. ಗೌಡರು 1957ರಲ್ಲಿ ತೀರ್ಥಹಳ್ಳಿಯಲ್ಲಿ ಸೋತು, 1962 ಮತ್ತು 1967ರಲ್ಲಿ ಅಲ್ಲಿಯೇ ಗೆದ್ದರು. 1972ರಲ್ಲಿ ಸಾಗರವು ಸಮಾಜವಾದಿ ಕಾಗೋಡು ತಿಮ್ಮಪ್ಪನವರನ್ನು ಕಳುಹಿಸಿತು. 1974ರ ಭೂಸುಧಾರಣೆಯು ಉಳುವವನಿಗೆ ಒಡೆತನವನ್ನಿತ್ತಿತು.

ಅಷ್ಟರಲ್ಲಿ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಬ್ಯಾಕೋಡಿನ ಸೀಮೆಯನ್ನು ಸಾಗರ ಪಟ್ಟಣದಿಂದ ಅಗಲಿಸಿತ್ತು. ಮತವು ಗೇಣಿಯ ಕೊಳಗವನ್ನು ನೀಗಿತು. ಮುಳುಗಿದ ಗದ್ದೆಯನ್ನು ಮರಳಿಸಲಾರದೆ ಹೋಯಿತು.