ಹಿಮದ ಹಡಗೂ ತುಂಗಭದ್ರೆಯ ಸುರ್ಕಿಯೂ

1942ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಜೆಫ್ರಿ ಪೈಕ್ ಎಂಬ ಆಂಗ್ಲನು ಮಂಜುಗಡ್ಡೆಯಿಂದ ವಿಮಾನಗಳಿಳಿಯತಕ್ಕ ಮಹಾನೌಕೆಯೊಂದನ್ನು ಕಟ್ಟಬಹುದೆಂದು ತನ್ನ ಸರ್ಕಾರಕ್ಕೆ ಸೂಚಿಸಿದನು. ಕೇಳಿದವರು ನಕ್ಕಿದ್ದರೆ ಆಶ್ಚರ್ಯವಿಲ್ಲ. ಬರಿಯ ಮಂಜುಗಡ್ಡೆಯು ಪೆಟ್ಟು ಬಿದ್ದೊಡನೆ ಸೀಳುವ ವಸ್ತು. ಆದರೆ ನೂರಕ್ಕೆ 14 ಪಾಲಿನಷ್ಟು ಮರದ ತಿರುಳನ್ನು ನೀರಿನಲ್ಲಿ ಕಲಸಿ ಹೆಪ್ಪುಗಟ್ಟಿಸಿದರೆ, ಬಿರುಕು ಹರಿಯಹೋದಲ್ಲೆಲ್ಲ ಮರದ ನಾರು ಅದನ್ನು ತಡೆಯುವುದು, ಕರಗುವಿಕೆಯೂ ನಿಧಾನವಾಗುವುದು. ಮಾಕ್ಸ್ ಪೆರುಟ್ಜ್ ಎಂಬ ವಿಜ್ಞಾನಿಯು ಲಂಡನ್ನಿನ ಮಾಂಸದ ಪೇಟೆಯೊಂದರ ಕೆಳಗಣ ಶೀತಲ ಕೊಠಡಿಯಲ್ಲಿ ಇದನ್ನು ಪರೀಕ್ಷಿಸಿದನು. ಗಡ್ಡೆಯನ್ನು ಬಹಳ ತಣ್ಣಗೆ ಇಟ್ಟಲ್ಲದೆ ಅದು ಭಾರಕ್ಕೆ ಮೆಲ್ಲಮೆಲ್ಲನೆ ಬಾಗುವ ದೋಷವು ನೀಗಲಿಲ್ಲ. ಆ ಮಹಾನೌಕೆಯು ಕಡೆಗೂ ಕಟ್ಟಲ್ಪಡಲಿಲ್ಲ.

ಬಿಸಿಲಿಗೆ ಹೆಸರಾದ ಹೊಸಪೇಟೆಯ ಸೀಮೆಗೆ ಹಿಮವು ಅಪರಿಚಿತವಾದರೂ ಯುಕ್ತಿಯು ಅಪರಿಚಿತವಲ್ಲ. ಕಂಪ್ಲಿಯ ಕಡೆಯ ಭತ್ತದ ನಾಡಿನಲ್ಲಿ ಗೋಡೆಯ ಮಣ್ಣಿಗೆ ಹುಲ್ಲನ್ನೂ ಹೊಟ್ಟನ್ನೂ ಸೇರಿಸಿ ತುಳಿದವರು ಪೈಕನ ಹೆಸರನ್ನು ಕೇಳಿದವರಲ್ಲ. ಮಣ್ಣು ಒಣಗಿ ಕುಗ್ಗುವಾಗ ಸೀಳದಂತೆ ಹುಲ್ಲಿನ ಎಳೆಗಳು ಹಿಡಿದಿಡುವುವೆಂಬುದನ್ನು ಅವರು ಬಲ್ಲವರಾಗಿದ್ದರು.

ಸುಣ್ಣಕ್ಕೆ ಬೇಕಾದ ಬಲವು ಬೇರೆ ಬಗೆಯದು. ಹಂಪೆಯ ವಿರೂಪಾಕ್ಷ ದೇವಾಲಯದ ಮಹಾಗೋಪುರವು ಕೆಳಗೆ ಕಲ್ಲು, ಮೇಲೆ ಇಟ್ಟಿಗೆ ಗಾರೆ. ಸುಣ್ಣದ ಗಾರೆಯು ಗಾಳಿಯಲ್ಲಿರುವ ಅಂಗಾರಾಮ್ಲ ವಾಯುವನ್ನು ಹೀರಿ ಗಟ್ಟಿಯಾಗತಕ್ಕದ್ದು. ದಪ್ಪ ಕಟ್ಟಡದ ಒಡಲಿಗೆ ಗಾಳಿ ಹೋಗದು. ನೀರಿನೊಳಗಂತೂ ಮಾತೇ ಇಲ್ಲ. ಸುಟ್ಟ ಜೇಡಿಯನ್ನು ನುಣ್ಣಗೆ ಪುಡಿಮಾಡಿ ಬೆರೆಸಿದರೆ ಅದು ಸುಣ್ಣದೊಡನೆ ಕೂಡಿ ನೀರಿನಲ್ಲಿಯೂ ಕಲ್ಲಾಗುವುದು. ಈ ಪುಡಿಯೇ ಸುರ್ಕಿ. ಹುಲ್ಲು ಮಣ್ಣಿನೊಳಗೆ ಹುಲ್ಲಾಗಿಯೇ ಉಳಿಯುವುದು; ಸುರ್ಕಿಯಾದರೋ ಸುಣ್ಣದೊಡನೆ ಸೇರಿ ತಾನೂ ಮಾರ್ಪಡುವುದು.

ಹಿಮದ ಹಡಗಿನ ಮಾತು ಮುಗಿದ ಸ್ವಲ್ಪ ಕಾಲದಲ್ಲಿಯೇ, 1945ರ ಫೆಬ್ರವರಿ 28ರಂದು, ತುಂಗಭದ್ರೆಯ ಕಟ್ಟೆಗೆ ಅಡಿಗಲ್ಲು ಬಿದ್ದಿತು. ಮದರಾಸು, ಹೈದರಾಬಾದುಗಳೆರಡೂ ಕೂಡಿ ಕೈಗೊಂಡ ಕಾರ್ಯವಿದು. ಮದರಾಸಿನ ಇಂಜಿನಿಯರು ತಿರುಮಲೈ ಅಯ್ಯಂಗಾರ್ಯರ ಹೆಸರು ಇದರೊಡನೆ ನಿಂತಿದೆ. ಸುಮಾರು ಒಂದೂವರೆ ಮೈಲಿ ಉದ್ದದ ಈ ಕಟ್ಟೆಯ ಕಲ್ಲುಗಳನ್ನು ಬೆಸೆದದ್ದು ಸುರ್ಕಿ ಗಾರೆ. ಜೇಡಿಯನ್ನು ಸುಟ್ಟವರು, ಪುಡಿಮಾಡಿದವರು, ಗಾರೆ ಹೊತ್ತವರು ಅಸಂಖ್ಯಾತರು. ಅವರ ಹೆಸರುಗಳನ್ನು ನಾವು ಅರಿಯದಿರುವುದು ಲಜ್ಜಾಸ್ಪದವೇ ಸರಿ. 1953ರಲ್ಲಿ ನೀರು ಕಾಲುವೆಗಳಿಗೆ ಹರಿಯಿತು.

2024ರ ಆಗಸ್ಟ್ 10ರ ರಾತ್ರಿ, ತುಂಬಿ ನಿಂತ ಜಲಾಶಯದ 33 ಬಾಗಿಲುಗಳಲ್ಲಿ 19ನೆಯದರ ಸರಪಣಿಯು ಕಡಿದು ಬಾಗಿಲು ಕೊಚ್ಚಿಹೋಯಿತು. ಹೊಳೆಯ ಕೆಳಗಣ ಊರುಗಳವರು ಭೀತರಾದರು. ಭಾರವನ್ನು ತಗ್ಗಿಸಲು ಉಳಿದ ಬಾಗಿಲುಗಳನ್ನೂ ತೆರೆಯಬೇಕಾಯಿತು. ಕಡಿದದ್ದು ಲೋಹ; ಸುರ್ಕಿಯ ಗೋಡೆಯು ನಿಂತಲ್ಲಿಯೇ ನಿಂತಿತ್ತು.