ವಿವಾಹಪೂರ್ವ ಪ್ರತ್ಯೇಕ ಆಸ್ತಿಯ ರಕ್ಷಣೆ: ಉಜಿರೆ ಮತ್ತು ಸುತ್ತಲಿನ ಸಾರ್ವಜನಿಕರಿಗೆ ಮಾಹಿತಿ

ವಿವಾಹಕ್ಕೆ ಮುನ್ನ ಹೊಂದಿದ್ದ ಜಮೀನು, ನಿವೇಶನ, ಒಡವೆ ಹಾಗೂ ಠೇವಣಿಗಳ ಮೇಲಿನ ಹಕ್ಕು ಮತ್ತು ಅದಕ್ಕಾಗಿ ಇರಿಸಿಕೊಳ್ಳತಕ್ಕ ದಾಖಲೆಗಳ ಬಗ್ಗೆ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

1. ಕಾನೂನಿನ ಸ್ಥಿತಿ

ಕರ್ನಾಟಕದಲ್ಲಿ ವಿವಾಹವಾದ ಮಾತ್ರಕ್ಕೆ ಒಬ್ಬರ ಆಸ್ತಿಯು ಮತ್ತೊಬ್ಬರದಾಗುವುದಿಲ್ಲ. ಹಿಂದೂ ಉತ್ತರಾಧಿಕಾರ ಅಧಿನಿಯಮ, 1956ರ 14ನೇ ಪ್ರಕರಣದಂತೆ ಮಹಿಳೆಯು ತನ್ನ ಆಸ್ತಿಗೆ ಪೂರ್ಣ ಒಡತಿಯಾಗಿರುತ್ತಾಳೆ. ಈ ಅಧಿನಿಯಮವು ಜೈನರಿಗೂ ಅನ್ವಯಿಸುತ್ತದೆ. ಕ್ರೈಸ್ತರಿಗೆ ಭಾರತೀಯ ಉತ್ತರಾಧಿಕಾರ ಅಧಿನಿಯಮ, 1925ರ 20ನೇ ಪ್ರಕರಣವು ಇದೇ ತತ್ತ್ವವನ್ನು ವಿಧಿಸುತ್ತದೆ. ಮುಸ್ಲಿಂ ವಿವಾಹದಲ್ಲಿ ಮಹರ್ ಪತ್ನಿಯ ಸ್ವಂತ ಹಕ್ಕಾಗಿರುತ್ತದೆ.

ಗೋವಾದಲ್ಲಿ ಪೋರ್ಚುಗೀಸರ ಕಾಲದಿಂದ ಬಂದ ಕಾನೂನಿನಂತೆ ದಂಪತಿಗಳ ಆಸ್ತಿಯು ಜಂಟಿಯಾಗುವ ಪದ್ಧತಿಯಿದ್ದು, ವಿವಾಹಪೂರ್ವ ಒಪ್ಪಂದದ ಮೂಲಕ ಅದನ್ನು ಬದಲಿಸಿಕೊಳ್ಳಲು ಅವಕಾಶವಿದೆ. ಕರ್ನಾಟಕದಲ್ಲಿ ಇಂತಹ ಒಪ್ಪಂದಕ್ಕೆ ಪ್ರತ್ಯೇಕ ಕಾಯ್ದೆ ಇರುವುದಿಲ್ಲ. ಭಾರತೀಯ ಕರಾರು ಅಧಿನಿಯಮ, 1872ರ 23ನೇ ಪ್ರಕರಣದ ಮೇರೆಗೆ ಅದು ಸಾರ್ವಜನಿಕ ನೀತಿಗೆ ವಿರುದ್ಧವೆಂದು ತಿರಸ್ಕೃತವಾಗುವ ಸಂಭವವಿದೆ. ಆದುದರಿಂದ ಪ್ರತ್ಯೇಕ ಆಸ್ತಿಗೆ ನಿಜವಾದ ರಕ್ಷಣೆ ದೊರೆಯುವುದು ಒಪ್ಪಂದದಿಂದಲ್ಲ, ಸಕಾಲದಲ್ಲಿ ಸಿದ್ಧಪಡಿಸಿದ ದಾಖಲೆಗಳಿಂದ.

2. ಜಮೀನು ಮತ್ತು ನಿವೇಶನ

ಅ) ಕ್ರಯಪತ್ರ, ದಾನಪತ್ರ ಅಥವಾ ವಿಭಾಗಪತ್ರದ ದೃಢೀಕೃತ ಪ್ರತಿ ಹಾಗೂ ಋಣಭಾರ ಪ್ರಮಾಣ ಪತ್ರವನ್ನು ಉಪನೋಂದಣಾಧಿಕಾರಿಗಳ ಕಚೇರಿಯಿಂದ ಪಡೆದಿಟ್ಟುಕೊಳ್ಳತಕ್ಕದ್ದು.

ಆ) ತಂದೆ ಅಥವಾ ತಾಯಿ ಮೃತರಾಗಿದ್ದು, ತೋಟ ಇನ್ನೂ ಅವರ ಹೆಸರಿನಲ್ಲಿಯೇ ಇದ್ದಲ್ಲಿ, ವಿವಾಹಕ್ಕೆ ಮುನ್ನ ಪೌತಿ ಖಾತೆಗೆ ಅರ್ಜಿ ಸಲ್ಲಿಸುವುದು ಸೂಕ್ತ. ಪಹಣಿಯು ತಾನಾಗಿ ಮಾಲೀಕತ್ವವನ್ನು ಸೃಷ್ಟಿಸುವುದಿಲ್ಲ. ಆದರೂ ವ್ಯಾಜ್ಯ ಉಂಟಾದಾಗ ಅದು ಮುಖ್ಯ ಸಾಕ್ಷ್ಯವಾಗುತ್ತದೆ.

ಇ) ಹೆಣ್ಣುಮಕ್ಕಳ ಹಕ್ಕು ವಿವಾಹದಿಂದ ನಷ್ಟವಾಗುವುದಿಲ್ಲ. 1994ರ ಕರ್ನಾಟಕ ತಿದ್ದುಪಡಿಯು ಅದಕ್ಕೆ ಮುನ್ನ ವಿವಾಹವಾದವರನ್ನು ಹೊರಗಿಟ್ಟಿತ್ತು. ದಿನಾಂಕ 9-9-2005ರಿಂದ ಜಾರಿಗೆ ಬಂದ ಕೇಂದ್ರ ತಿದ್ದುಪಡಿಯಲ್ಲಿ ಈ ಭೇದವಿಲ್ಲ. ಮದುವೆಯ ಖರ್ಚಿಗೆ ಪ್ರತಿಯಾಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳಿದಲ್ಲಿ, ಅದರ ಪರಿಣಾಮವನ್ನು ವಕೀಲರಿಂದ ತಿಳಿದ ನಂತರವೇ ಸಹಿ ಮಾಡತಕ್ಕದ್ದು. ನೋಂದಾಯಿತ ಬಿಡುಗಡೆ ಪತ್ರವನ್ನು ರದ್ದುಪಡಿಸುವುದು ಸುಲಭವಲ್ಲ.

3. ಒಡವೆ ಮತ್ತು ಉಡುಗೊರೆ

ವರದಕ್ಷಿಣೆ ನಿಷೇಧ ಅಧಿನಿಯಮ, 1961ರ ಮೇರೆಗೆ 1985ರಲ್ಲಿ ರಚಿಸಲಾದ ನಿಯಮಗಳಂತೆ ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧುವೂ, ವರನಿಗೆ ಬಂದವುಗಳ ಪಟ್ಟಿಯನ್ನು ವರನೂ ಇರಿಸಿಕೊಳ್ಳತಕ್ಕದ್ದು. ವಿವಾಹದ ಸಮಯದಲ್ಲಿ ಅಥವಾ ಆದಷ್ಟು ಬೇಗ ಬರೆದ ಈ ಪಟ್ಟಿಯಲ್ಲಿ ವಸ್ತುವಿನ ವಿವರ, ಅಂದಾಜು ಮೌಲ್ಯ, ಕೊಟ್ಟವರ ಹೆಸರು ಹಾಗೂ ಸಂಬಂಧ ಮತ್ತು ವಧೂವರರಿಬ್ಬರ ಸಹಿ ಇರಬೇಕು. ಸ್ತ್ರೀಧನವು ಪತ್ನಿಯ ಸಂಪೂರ್ಣ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ತೀರ್ಪು ನೀಡಿದೆ.

4. ಹಣ ಬೆರೆಯದಂತೆ ಎಚ್ಚರ

ಉದಾಹರಣೆಗೆ, ಉಜಿರೆಯ ಮಹಿಳೆಯೊಬ್ಬರು ತಾಯಿ ದಾನವಾಗಿ ಕೊಟ್ಟ ಅಡಿಕೆ ತೋಟವನ್ನು ಮಾರಿ, ಬಂದ ಹಣವನ್ನು ಪತಿಯ ಹೆಸರಿನ ಮನೆಗೆ ವಿನಿಯೋಗಿಸಿದರೆಂದು ಭಾವಿಸಿದಲ್ಲಿ, ಮುಂದೆ ಆ ಹಣದ ಮೂಲವನ್ನು ರುಜುವಾತುಪಡಿಸುವ ಹೊಣೆ ಅವರ ಮೇಲೆಯೇ ಬೀಳುತ್ತದೆ. ಆದ್ದರಿಂದ ಪ್ರತ್ಯೇಕ ಆಸ್ತಿಯ ಉತ್ಪನ್ನವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಿಸಿ, ಹೊಸ ಖರೀದಿಯ ಕ್ರಯಪತ್ರದಲ್ಲಿ ಹಣದ ಮೂಲ ಹಾಗೂ ಪಾಲನ್ನು ನಮೂದಿಸುವುದು ಸೂಕ್ತ.

5. ಉಯಿಲು: ಅಳಿಯಕಟ್ಟು ಮತ್ತು ಮಕ್ಕಳಕಟ್ಟು

ಉಯಿಲು ಬರೆಯದೆ ಮೃತರಾದ ಮಹಿಳೆಯ ಆಸ್ತಿಯ ವಾರಸು, ತುಳುನಾಡಿನಲ್ಲಿ ಕುಟುಂಬದ ಕಟ್ಟಿಗನುಗುಣವಾಗಿ ಭಿನ್ನವಾಗಿರುತ್ತದೆ.

ಅ) ಅಳಿಯಕಟ್ಟು: 1956ರ ಅಧಿನಿಯಮದ 17ನೇ ಪ್ರಕರಣದಂತೆ ಆಸ್ತಿಯು ಮೊದಲು ಮಕ್ಕಳು ಮತ್ತು ತಾಯಿಗೆ, ಅವರಿಲ್ಲದಿದ್ದಲ್ಲಿ ತಂದೆ ಮತ್ತು ಪತಿಗೆ ಸೇರುತ್ತದೆ.

ಆ) ಮಕ್ಕಳಕಟ್ಟು: 15ನೇ ಪ್ರಕರಣದಂತೆ ಮೊದಲು ಮಕ್ಕಳು ಮತ್ತು ಪತಿಗೆ, ಅವರಿಲ್ಲದಿದ್ದಲ್ಲಿ ಪತಿಯ ವಾರಸುದಾರರಿಗೆ ಸೇರುತ್ತದೆ. ಮಹಿಳೆಗೆ ಮಕ್ಕಳು ಅಥವಾ ಮೃತ ಮಕ್ಕಳ ಸಂತತಿ ಇಲ್ಲದಿದ್ದಾಗ, ತಂದೆ ಅಥವಾ ತಾಯಿಯಿಂದ ವಾರಸಿನ ಮೂಲಕ ಬಂದ ಆಸ್ತಿಯು ಮಾತ್ರ ತಂದೆಯ ವಾರಸುದಾರರಿಗೆ ಹಿಂತಿರುಗುತ್ತದೆ. ದಾನಪತ್ರದ ಮೂಲಕ ಬಂದ ಆಸ್ತಿಗೆ ಈ ವಿನಾಯಿತಿ ದೊರೆಯುವುದಿಲ್ಲ.

ಈ ಕ್ರಮವು ತಮ್ಮ ಇಚ್ಛೆಗೆ ಹೊಂದದಿದ್ದಲ್ಲಿ ಇಬ್ಬರು ಸಾಕ್ಷಿಗಳ ಸಮಕ್ಷಮ ಉಯಿಲು ಬರೆಯಬಹುದು. ಉಯಿಲಿನ ನೋಂದಣಿ ಕಡ್ಡಾಯವಲ್ಲ, ಆದರೆ ಅಪೇಕ್ಷಣೀಯ. ಕ್ರೈಸ್ತರು ವಿವಾಹಕ್ಕೆ ಮುನ್ನ ಬರೆದ ಉಯಿಲು ವಿವಾಹದಿಂದ ರದ್ದಾಗುವುದರಿಂದ, ಅವರು ಹೊಸದಾಗಿ ಬರೆಯತಕ್ಕದ್ದು.

6. ಮಿತಿ

ಈ ಕ್ರಮಗಳು ಆಸ್ತಿಯ ಮಾಲೀಕತ್ವವನ್ನು ಮಾತ್ರ ರಕ್ಷಿಸುತ್ತವೆ. ಪತ್ನಿ ಹಾಗೂ ಮಕ್ಕಳ ಜೀವನಾಂಶದ ಹೊಣೆ ಇದರಿಂದ ತಪ್ಪುವುದಿಲ್ಲ. ಸರ್ವೋಚ್ಚ ನ್ಯಾಯಾಲಯದ 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನಂತೆ, ಜೀವನಾಂಶದ ಪ್ರಕರಣಗಳಲ್ಲಿ ಉಭಯ ಪಕ್ಷಕಾರರೂ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ.

ಸೂಚನೆ: ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ 12ನೇ ಪ್ರಕರಣದಂತೆ ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರಾಗಿರುತ್ತಾರೆ. ಇದಕ್ಕಾಗಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಸಲ್ಲಿಸಬಹುದಾಗಿದೆ.