ರಂಪಣಿಯ ಕಾಲ

ಕನ್ನಡ ಕರಾವಳಿಯ ಚರಿತ್ರೆಯನ್ನು ಬರೆಯಹೊರಟವರು ಬಹುಮಟ್ಟಿಗೆ ಬಂದರುಗಳಿಂದಲೇ ಆರಂಭಿಸುತ್ತಾರೆ. ವಿಜಯನಗರದ ಸೈನ್ಯಕ್ಕೆ ಕುದುರೆಗಳು ಬಂದಿಳಿದ ಭಟ್ಕಳ, ಅಕ್ಕಿಗಾಗಿ ಪೋರ್ಚುಗೀಸರು ಕಣ್ಣಿಟ್ಟಿದ್ದ ಬಸರೂರು, ಮೆಣಸಿನ ವ್ಯಾಪಾರದ ಹೊನ್ನಾವರ, ಇವುಗಳ ವೈಭವವನ್ನು ಶಾಸನಗಳೂ ಪರದೇಶದ ಪ್ರವಾಸಿಗರ ಬರಹಗಳೂ ಸಾಕಷ್ಟು ಕಾಪಾಡಿಕೊಟ್ಟಿವೆ. ಆದರೆ ಅದೇ ಕಡಲಿನ ಅಂಚಿನಲ್ಲಿ, ತೆಂಗಿನ ತೋಪಿನ ಮುಂದೆ ಮಳಲ ಮೇಲೆ ಹರವಿ ಒಣಗಿಸುತ್ತಿದ್ದ ಒಂದು ಬಲೆಯ ಚರಿತ್ರೆಯನ್ನು ಬರೆದಿಟ್ಟವರು ವಿರಳ. ಮಂಗಳೂರಿನಿಂದ ಕಾರವಾರದವರೆಗೆ ಮೊಗವೀರರ, ಖಾರ್ವಿಗಳ, ಹರಿಕಂತ್ರರ ಕೇರಿಗಳಿಗೆ ಅನ್ನವನ್ನಿತ್ತು, ಊರಿನ ಕೂಡುಬಾಳ್ವೆಗೆ ಒಂದು ಕಟ್ಟುಪಾಡನ್ನೂ ಕಲಿಸಿ, ಹತ್ತು ಹದಿನೈದು ವರ್ಷಗಳ ಅವಧಿಯಲ್ಲಿ ಕಣ್ಮರೆಯಾಗಿಹೋದ ಆ ಬಲೆಗೆ ರಂಪಣಿ ಎಂದು ಹೆಸರು.

ರಂಪಣಿ ಎಂದರೆ ದಡದಲ್ಲಿ ನಿಂತು ಎಳೆಯುವ ಮಹಾಬಲೆ. ಕೈಯಲ್ಲೇ ಹೆಣೆದ ಹಲವಾರು ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಹೊಲಿದಾಗ ಅದರ ಉದ್ದ ಅರ್ಧ ಮೈಲಿಯನ್ನೂ ಮೀರುತ್ತಿತ್ತು. ಮೇಲಂಚಿಗೆ ಹಗುರಾದ ಮರದ ಬೆಂಡು, ಕೆಳಗಿನ ಅಂಚಿಗೆ ಕಲ್ಲಿನ ಭಾರ, ಎರಡು ತುದಿಗಳಿಗೂ ತೆಂಗಿನ ನಾರಿನ ದಪ್ಪ ಹಗ್ಗ. ನೈಲಾನು ಬರುವುದಕ್ಕೆ ಮುಂಚೆ ನೂಲೆಲ್ಲವೂ ಸೆಣಬಿನದು, ಹತ್ತಿಯದು. ಉಪ್ಪುನೀರಿಗೆ ಅದು ಬೇಗ ಕೊಳೆಯುವುದರಿಂದ, ಮರದ ತೊಗಟೆಯನ್ನು ಹಂಡೆಯಲ್ಲಿ ಕುದಿಸಿ ಇಳಿಸಿದ ಚೊಗರಿನಲ್ಲಿ ಬಲೆಯನ್ನು ಮತ್ತೆ ಮತ್ತೆ ಅದ್ದಿ ಒಣಗಿಸಬೇಕಾಗಿತ್ತು. ಮೀನಿನ ಹಿಂಡು ದಡದ ಸಮೀಪಕ್ಕೆ ಬಂದುದು ಕಂಡೊಡನೆ ಹಗ್ಗದ ಒಂದು ತುದಿಯನ್ನು ಕರೆಯ ಮೇಲಿನವರ ಕೈಗೆ ಕೊಟ್ಟು, ಬಲೆಯನ್ನು ಹೇರಿಕೊಂಡ ದೋಣಿ ಕಡಲಿಗಿಳಿದು, ಅರ್ಧಚಂದ್ರಾಕಾರದಲ್ಲಿ ಹಿಂಡನ್ನು ಬಳಸಿ, ಬಲೆಯನ್ನು ಬಿಡುತ್ತ ಬಿಡುತ್ತ ಬಂದು, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ಮುಟ್ಟಿಸುತ್ತಿತ್ತು. ಆಮೇಲಿನದು ಭುಜಬಲದ ಕೆಲಸ. ಎರಡು ಕಡೆಗೂ ಸಾಲಾಗಿ ನಿಂತ ಎಪ್ಪತ್ತು ಎಂಬತ್ತು ಜನ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಐಲೇಸಾ ಕೂಗಿಗೆ ಹೆಜ್ಜೆಯನ್ನು ಕೂಡಿಸಿ ಹಿಂದಕ್ಕೆ ವಾಲುತ್ತ, ಎಳೆದಂತೆಲ್ಲ ಪರಸ್ಪರ ಹತ್ತಿರವಾಗುತ್ತ, ಗಂಟೆಗಟ್ಟಲೆ ಎಳೆಯಬೇಕು. ಮೀನು ವಿಪರೀತವಾಗಿ ಬಿದ್ದ ದಿನ ಬಲೆಯನ್ನು ಪೂರ್ತಿ ಎಳೆಯುವ ಸಾಹಸವನ್ನೇ ಮಾಡದೆ, ಮೀನನ್ನು ಆಳವಿಲ್ಲದ ನೀರಿನಲ್ಲಿ ಹಾಗೆಯೇ ಕೂಡಿಹಾಕಿ, ಒಳಗೆ ಸಣ್ಣ ಬಲೆಗಳನ್ನಿಳಿಸಿ ಎರಡು ಮೂರು ದಿನ ಬಾಚಿಕೊಳ್ಳುತ್ತಿದ್ದುದೂ ಉಂಟು.

ಈ ಬಲೆಯ ಮುಖ್ಯ ಲಕ್ಷಣವೆಂದರೆ ಅದು ಮೀನನ್ನು ಅರಸಿಕೊಂಡು ಹೋಗುತ್ತಿರಲಿಲ್ಲ, ಮೀನು ಬರುವುದನ್ನು ಕಾದು ಕುಳಿತಿರುತ್ತಿತ್ತು. ಆದುದರಿಂದ ರಂಪಣಿಯವರ ವಿದ್ಯೆಯಲ್ಲಿ ಹೆಚ್ಚಿನದು ಕಣ್ಣಿನ ವಿದ್ಯೆ. ಬಂಗುಡೆಯ ಹಿಂಡು ಬಂದಾಗ ನೀರಿನ ಮೇಲೆ ಮೋಡದ ನೆರಳು ಬಿದ್ದಂತೆ ಬಣ್ಣ ಕಪ್ಪಾಗುತ್ತದೆ; ಗಾಳಿಯಿಲ್ಲದ ಹೊತ್ತಿನಲ್ಲೂ ಒಂದೇ ಕಡೆ ಸಣ್ಣ ತೆರೆಗಳು ಕದಡುತ್ತವೆ; ಹಕ್ಕಿಗಳು ಅಲ್ಲಿಗೇ ಎರಗುತ್ತವೆ. ಅಮಾವಾಸ್ಯೆಯ ಆಸುಪಾಸಿನ ಕತ್ತಲೆಯಲ್ಲಿ ಹಿಂಡು ಮಿಸುಕಿದರೆ ನೀರಿನೊಳಗಿನ ಸೂಕ್ಷ್ಮಜೀವಿಗಳು ಕೆರಳಿ ಮಿನುಗಿ, ಕಡಲಿನೊಳಗೆ ತಣ್ಣನೆಯ ಬೆಂಕಿಯೊಂದು ಹರಿದಾಡಿದಂತೆ ಕಾಣುತ್ತದೆ. ಈ ಬೆಳಕನ್ನು ನೋಡಿ ಹಿಂಡಿನ ಗಾತ್ರವನ್ನೂ ಅದು ಸಾಗುವ ದಿಕ್ಕನ್ನೂ ಅಳೆಯಬಲ್ಲವರು ಪ್ರತಿ ಊರಿನಲ್ಲಿಯೂ ಇದ್ದರು.

ಆದರೆ ಮೀನು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು ಆ ಕಣ್ಣಿಗೂ ನಿಲುಕಿದುದಲ್ಲ. ವಿದ್ವಾಂಸರ ಜ್ಞಾನವಾದರೂ ಬಹುಕಾಲ ಹೆಸರಿಡುವುದರಾಚೆಗೆ ಹೋಗಲಿಲ್ಲ. ವಿಶಾಖಪಟ್ಟಣದ ತೆಲುಗು ಬೆಸ್ತರ ಬಾಯಿಂದ ಕೇಳಿದ ‘ಕಾನಗುರ್ತ’ ಎಂಬ ಹೆಸರನ್ನು ಪ್ಯಾಟ್ರಿಕ್ ರಸೆಲ್ 1803ರಲ್ಲಿ ಅಚ್ಚುಹಾಕಿಸಿದನು. ಫ್ರೆಂಚ್ ಪಂಡಿತ ಕುವಿಯೇ 1816ರಲ್ಲಿ ಅದನ್ನೇ ನಮ್ಮ ಬಂಗುಡೆಯ ಶಾಸ್ತ್ರೀಯ ನಾಮವನ್ನಾಗಿ ಮಾಡಿದನು. ತುಳುವರ ಬೂತಾಯಿ, ಕುಂದಾಪುರದವರ ಬೈಗೆ, ಕೊಂಕಣಿಗರ ತಾರ್ಲೆ ಎಂಬ ಎಣ್ಣೆಮೀನಿಗೆ ಶಾಸ್ತ್ರದ ಹೆಸರು ದೊರೆಯಲು 1847ರವರೆಗೆ ಕಾಯಬೇಕಾಯಿತು. ಇವುಗಳ ಬರವುಹೋಗುಗಳ ಗುಟ್ಟು ಮುಂಗಾರಿನಲ್ಲಿದೆಯೆಂಬುದು ಸಾಗರವಿಜ್ಞಾನಿಗಳಿಗೆ ಸ್ಪಷ್ಟವಾದುದು ಇಪ್ಪತ್ತನೆಯ ಶತಮಾನದಲ್ಲಿ. ಮಳೆಗಾಲದ ಗಾಳಿ ತೀರದುದ್ದಕ್ಕೂ ಬೀಸಿ ಮೇಲಿನ ಬೆಚ್ಚನೆಯ ನೀರನ್ನು ಹೊರಗಡಲಿಗೆ ತಳ್ಳಿದಾಗ, ಆ ತೆರವನ್ನು ತುಂಬಲು ಆಳದ ತಣ್ಣೀರು ಮೇಲಕ್ಕೇಳುತ್ತದೆ. ತಳದಲ್ಲಿ ಕೊಳೆತು ಸಂಚಿತವಾಗಿದ್ದ ಪೋಷಕದ್ರವ್ಯಗಳು ಅದರೊಡನೆ ಬೆಳಕಿಗೆ ಬರುತ್ತವೆ. ಕಣ್ಣಿಗೆ ಕಾಣದ ಸಸ್ಯಪ್ಲವಕಗಳು ಅವನ್ನುಂಡು ಹೊಲದ ಪೈರಿನಂತೆ ಹುಲುಸಾಗುತ್ತವೆ. ಬೂತಾಯಿಯ ಆಹಾರ ಮುಖ್ಯವಾಗಿ ಇದೇ ಪೈರು. ಭೂಮಿಯ ಮೇಲೆ ಪ್ರತಿವರ್ಷ ಹುಟ್ಟುವ ಪ್ರಾಣವಾಯುವಿನಲ್ಲಿ ಸುಮಾರು ಅರ್ಧಭಾಗವನ್ನು ಉತ್ಪಾದಿಸುವುದೂ ಲೋಕದ ಸಮುದ್ರಗಳಲ್ಲಿ ತೇಲುವ ಈ ಪ್ಲವಕಕುಲವೇ. ಕಡಲು ಕಂಡರಿಯದ ಚಿತ್ರದುರ್ಗದ ರೈತನೂ ಎಳೆದುಕೊಳ್ಳುವ ಉಸಿರಿನಲ್ಲಿ ಕಡಲಿಗೊಂದು ಪಾಲಿದೆ.

ಆಷಾಢದಲ್ಲಿ, ತುಳುವರ ಆಟಿ ತಿಂಗಳಲ್ಲಿ, ಮೀನು ಮೊಟ್ಟೆಯಿಟ್ಟು ಮರಿಗಳು ಬೆಳೆಯುವಾಗ, ಕಡಲು ಭೋರ್ಗರೆದು ಯಾವ ದೋಣಿಯನ್ನೂ ಅಳಿವೆಯ ಬಾಯಿ ದಾಟಗೊಡುತ್ತಿರಲಿಲ್ಲ. ಬೆಸ್ತರು ಹೊಳೆಯ ಮೀನನ್ನೋ ಸಾಲವನ್ನೋ ನೆಚ್ಚಿ ಆ ತಿಂಗಳುಗಳನ್ನು ಕಳೆದು, ನೂಲಹುಣ್ಣಿಮೆಯ ದಿನ ಸಮುದ್ರರಾಜನಿಗೆ ಹಾಲೆರೆದು ತೆಂಗಿನಕಾಯಿ ಅರ್ಪಿಸಿ ಬಲೆಯನ್ನು ಹೊರತೆಗೆಯುತ್ತಿದ್ದರು. ಇದನ್ನು ಪೂರ್ವಿಕರ ಪರಿಸರಪ್ರಜ್ಞೆಯೆಂದು ಹೊಗಳುವುದು ಈಗಿನ ಪದ್ಧತಿ. ನನಗೆ ಅದರಲ್ಲಿ ಪೂರ್ಣ ನಂಬಿಕೆಯಿಲ್ಲ. ಕಡಲು ಬಿಟ್ಟಿದ್ದರೆ ಅವರೂ ಹೋಗುತ್ತಿದ್ದರು. ಸಂಯಮವಿದ್ದುದು ಗಾಳಿಯಲ್ಲಿ, ತೆರೆಯಲ್ಲಿ, ಹಗ್ಗದ ಉದ್ದದಲ್ಲಿ.

ಆದರೆ ಹಿಡಿದ ಮೀನನ್ನು ಹಂಚಿಕೊಳ್ಳುವುದರಲ್ಲಿದ್ದ ವಿವೇಕ ಮಾತ್ರ ಅವರದೇ. ಇಷ್ಟು ದೊಡ್ಡ ಬಲೆಯನ್ನು ಒಬ್ಬನೇ ಮಾಡಿಸಲಾರನಾದುದರಿಂದ, ಒಂದೊಂದು ಮನೆಯವರು ಇಷ್ಟಿಷ್ಟು ತುಂಡುಗಳನ್ನು ಹೆಣೆದು ತಂದು ಸೇರಿಸುತ್ತಿದ್ದರು. ಮೀನು ದಡಕ್ಕೆ ಬಿದ್ದಾಗ ಎಳೆದ ಆಳಿಗೆ ಒಂದು ಪಾಲು, ಬಲೆಯ ತುಂಡಿಗೆ ಒಂದು ಪಾಲು, ದೋಣಿಗೊಂದು, ದೇವರಿಗೊಂದು. ಬಲೆಯನ್ನೂ ಒಬ್ಬ ದುಡಿಮೆಗಾರನೆಂದೇ ಎಣಿಸಿ ಅದರ ಕೂಲಿಯನ್ನು ಎತ್ತಿಡುವ ಈ ಕ್ರಮ ನನಗೆ ಬಹಳ ಇಷ್ಟವಾದುದು. ಹಾಗೆಂದು ಎಲ್ಲವೂ ಸಮನಾಗಿತ್ತೆಂದು ತಿಳಿಯಬೇಕಾಗಿಲ್ಲ. ಹೆಚ್ಚು ತುಂಡುಗಳುಳ್ಳವನಿಗೆ ಹೆಚ್ಚು ಪಾಲು, ಮುಂಗಡ ಕೊಟ್ಟ ವರ್ತಕನ ಲೆಕ್ಕ ಎಲ್ಲಕ್ಕಿಂತ ಮೊದಲು.

ರಂಪಣಿಗೆ ಬಿದ್ದ ರಾಶಿಯನ್ನು ಒಂದೇ ದಿನದಲ್ಲಿ ತಿಂದು ಮುಗಿಸುವಂತಿರಲಿಲ್ಲ, ಹಿಮದ ಗಡ್ಡೆಯೂ ಇರಲಿಲ್ಲ. ಆದುದರಿಂದ ಮೀನಿನ ಭಾಗ್ಯ ಉಪ್ಪಿನ ಕೈಯಲ್ಲಿತ್ತು. ಕಂಪೆನಿಯ ಕಾಲದಿಂದಲೂ ಉಪ್ಪಿನ ಮೇಲಿದ್ದ ಸುಂಕ ಮೀನನ್ನು ಹಾಳುಮಾಡುತ್ತಿದೆಯೆಂದು ಮೀನುಗಾರಿಕೆಯ ಅಧಿಕಾರಿ ಫ್ರಾನ್ಸಿಸ್ ಡೇ ಮೊದಲಾದವರು ಎತ್ತಿಹೇಳಿದ ಮೇಲೆ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸು ಸರ್ಕಾರ ತೀರದುದ್ದಕ್ಕೂ ಕಡಿಮೆ ಬೆಲೆಗೆ ಉಪ್ಪು ಕೊಡುವ ಉಪ್ಪುಮೀನಿನ ಅಂಗಳಗಳನ್ನು ತೆರೆಯಿತು. 1907ರಲ್ಲಿ ಹುಟ್ಟಿದ ಮದರಾಸಿನ ಮೀನುಗಾರಿಕೆ ಇಲಾಖೆ ಬೂತಾಯಿಯಿಂದ ಎಣ್ಣೆ ತೆಗೆಯುವುದನ್ನು ಪ್ರಚಾರಕ್ಕೆ ತಂದಿತು. ಎಣ್ಣೆ ಹಿಂಡಿದ ಹಿಂಡಿ ತೆಂಗಿಗೂ ಕಾಫಿಗೂ ಗೊಬ್ಬರವಾಯಿತು.

ಇಷ್ಟರ ನಡುವೆ 1940ರ ದಶಕದಲ್ಲಿ ಬೂತಾಯಿ ಹಠಾತ್ತನೆ ಕಾಣೆಯಾಯಿತು. ಯಂತ್ರದ ಒಂದು ದೋಣಿಯೂ ಕಡಲಿಗಿಳಿಯದಿದ್ದ ಕಾಲವದು. ಗಾಬರಿಗೊಂಡ ಮದರಾಸು ಸರ್ಕಾರ 1943ರಲ್ಲಿ ಮರಿಮೀನುಗಳನ್ನೂ ಮೊಟ್ಟೆಮೀನುಗಳನ್ನೂ ಹಿಡಿಯುವ ಕೆಲವು ಬಲೆಗಳಿಗೆ ನಿರ್ಬಂಧ ಹಾಕಿತು. ಹಲವು ವರ್ಷಗಳ ಬಳಿಕ ಮೀನು ತಾನಾಗಿಯೇ ಮರಳಿತು. ಕಡಲಿನ ಕ್ಷಾಮಕ್ಕೆಲ್ಲ ಎಂಜಿನನ್ನೇ ಹೊಣೆಮಾಡುವವರು ಈ ಘಟನೆಯನ್ನು ನೆನೆಯುವುದೊಳ್ಳೆಯದು.

1956ರಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾಗಿ, ಮದರಾಸಿನಲ್ಲಿದ್ದ ದಕ್ಷಿಣ ಕನ್ನಡವೂ ಮುಂಬಯಿಯಲ್ಲಿದ್ದ ಉತ್ತರ ಕನ್ನಡವೂ ಮೈಸೂರಿಗೆ ಸೇರಿ, ಕಡಲು ಕಾಣದಿದ್ದ ರಾಜ್ಯಕ್ಕೆ ಕಡಲು ದೊರೆಯಿತು. ಯಂತ್ರದ ದೋಣಿಗಳೂ ಅದೇ ಆಸುಪಾಸಿನಲ್ಲಿ ಬಂದವು. ಮೊದಲಿಗೆ ಬಂದ ಟ್ರಾಲ್ ಬೋಟುಗಳ ಕಣ್ಣು ವಿದೇಶಕ್ಕೆ ಹೋಗುವ ಸಿಗಡಿಯ ಮೇಲೆ. ಅವುಗಳಿಂದ ರಂಪಣಿಗೆ ಕಿರುಕುಳವಾಯಿತೇ ಹೊರತು ಮರಣ ಬರಲಿಲ್ಲ. ಮರಣ ಬಂದುದು 1970ರ ದಶಕದ ನಡುವೆ, ಪರ್ಸೀನ್ ಬಲೆಯ ರೂಪದಲ್ಲಿ. ಅದೂ ಹಿಂಡನ್ನು ಬಳಸುವ ಬಲೆಯೇ, ಅದೂ ಬಂಗುಡೆ ಬೂತಾಯಿಗಳಿಗೆಂದೇ ಆದುದು; ಆದರೆ ಅದಕ್ಕೆ ದಡ ಬೇಕಾಗಿಲ್ಲ. ಎಂಜಿನ್ ದೋಣಿ ಹೊರಗಡಲಿನಲ್ಲಿಯೇ ಹಿಂಡನ್ನು ಸುತ್ತುವರಿದು, ಬಲೆಯ ಅಡಿಯ ಬಳೆಗಳಲ್ಲಿ ಪೋಣಿಸಿದ ಹಗ್ಗವನ್ನು ಬಿಗಿದರೆ, ಸಂಚಿಯ ಬಾಯಿ ಕಟ್ಟಿದಂತೆ ತಳವೇ ಮುಚ್ಚಿಹೋಗುತ್ತದೆ. 80 ಜನರ ಕೆಲಸಕ್ಕೆ ಇಪ್ಪತ್ತು ಇಪ್ಪತ್ತೈದು ಜನ ಸಾಕು. ಮೀನು ಕರೆಗೆ ಬರುವ ಮೊದಲೇ ಹಿಡಿದಾಗಿರುತ್ತಿತ್ತು; ಕಾದು ಕುಳಿತವರು ಕಾಯುತ್ತಲೇ ಉಳಿದರು. ಪ್ರತಿಭಟನೆಗಳು ನಡೆದವು. ಗೋವೆಯಲ್ಲಿ ರಾಂಪಣ್‌ಕಾರರ ಚಳವಳಿ ದೇಶದ ಗಮನವನ್ನೇ ಸೆಳೆಯಿತು. ಕರ್ನಾಟಕದಲ್ಲಿ ಕಡಲ ಮೀನುಗಾರಿಕೆಯನ್ನು ನಿಯಂತ್ರಿಸುವ ಕಾನೂನು 1986ರಲ್ಲಿ ಬರುವ ವೇಳೆಗೆ ದೊಡ್ಡ ರಂಪಣಿಗಳು ಹೆಚ್ಚುಕಡಿಮೆ ಅಟ್ಟ ಸೇರಿದ್ದವು. ವಿಚಿತ್ರವೆಂದರೆ ರಂಪಣಿಯವರ ಮಕ್ಕಳಲ್ಲಿ ಅನೇಕರು ಪರ್ಸೀನ್ ಬೋಟುಗಳನ್ನೇ ಏರಿದರು, ಕೆಲವರು ಒಡೆಯರೂ ಆದರು. ಅವರನ್ನು ಹಳಿಯಲು ನನಗೆ ಮನಸ್ಸು ಬಾರದು.

ಈಗ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ಸರ್ಕಾರದ ನಿಷೇಧವಿದೆ. ಆಟಿಯ ತೆರೆಗಳು ಮಾಡುತ್ತಿದ್ದ ಕೆಲಸವನ್ನು ಆಜ್ಞಾಪತ್ರ ಮಾಡುತ್ತಿದೆ. ಪ್ರಖರವಾದ ದೀಪಗಳಿಂದ ಮೀನನ್ನು ಸೆಳೆದು ಹಿಡಿಯುವುದನ್ನು 2017ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ್ದರೂ ಅದರ ಸುತ್ತಣ ಜಗಳ ತೀರಿಲ್ಲ. ಅರಬ್ಬೀ ಸಮುದ್ರದ ಮೇಲ್ನೀರು ದಶಕದಿಂದ ದಶಕಕ್ಕೆ ಕಾಯುತ್ತಿದೆ. ಬೂತಾಯಿ ಕೆಲವು ವರ್ಷ ರಾಶಿ ಬೀಳುತ್ತದೆ, ಕೆಲವು ವರ್ಷ ಇಲ್ಲವೇ ಇಲ್ಲ. ಪತ್ರಿಕೆಗಳು ಮತ್ಸ್ಯಕ್ಷಾಮವೆಂದು ಬರೆಯುತ್ತವೆ.

ರಂಪಣಿಯ ಮರಿಯಾದ ಕೈರಂಪಣಿ ಮಾತ್ರ ಅಲ್ಲಲ್ಲಿ ಉಳಿದಿದೆ. ಕುಂದಾಪುರದ ಕೋಡಿಯ ಕಡಲಕರೆಯಲ್ಲಿ ಒಂದು ಬೆಳಿಗ್ಗೆ ಹದಿನೈದು ಇಪ್ಪತ್ತು ಜನ ಅದನ್ನು ಎಳೆಯುವುದನ್ನು ಕಂಡೆ; ಐವತ್ತು ದಾಟಿದವರೇ ಹೆಚ್ಚು. ಬಲೆ ಮಳಲಿಗೆ ಬಂದಾಗ ಅದರಲ್ಲಿದ್ದುದು ಎರಡು ಬುಟ್ಟಿಯಷ್ಟು ಪುಡಿ ಬೈಗೆ, ಬೆರಳೆಣಿಕೆಯ ಬಂಗುಡೆ, ಒಂದಿಷ್ಟು ಏಡಿ, ಲೋಳೆಮೀನು, ಹಾಲಿನ ಖಾಲಿ ತೊಟ್ಟೆಗಳು, ಒಂದು ರಬ್ಬರ್ ಚಪ್ಪಲಿ. ಹೆಂಗಸೊಬ್ಬಳು ಬುಟ್ಟಿಯನ್ನಿಳಿಸಿ, “ಇವತ್ತೂ ಇಷ್ಟೇಯಾ ಮಾರಾಯ್ರೆ?” ಎಂದಳು. ಯಾರೂ ಉತ್ತರ ಕೊಡಲಿಲ್ಲ. ಹಿರಿಯನೊಬ್ಬ ಮೊಣಕಾಲೂರಿ ಕುಳಿತು, ತೊಟ್ಟೆಗಳನ್ನು ಆರಿಸಿ ಒಂದೆಡೆಗೆ ಎಸೆದು, ಮೀನನ್ನು ಸಣ್ಣ ಸಣ್ಣ ಗುಪ್ಪೆಗಳಾಗಿ ಹಂಚತೊಡಗಿದನು. ಆಳುಗಳ ಲೆಕ್ಕ ಮುಗಿದ ಮೇಲೂ ಒಂದು ಗುಪ್ಪೆ ಉಳಿದಿತ್ತು. ಅದು ಯಾರದೆಂದು ಕೇಳಿದೆ. ಅವನು ತಲೆಯೆತ್ತದೆಯೇ ಬಲೆಯ ಕಡೆಗೆ ಕೈತೋರಿದನು.